ನಾಲ್ಕು ನಿಜ, ಒಂದು ಸುಳ್ಳು

ಸುಳ್ಳು ಹೇಳಲು ಬಾರದವರಿಗೆ ಭಾಷೆ ಬಂದಿಲ್ಲವೆಂದೇ ಲೆಕ್ಕ. ಇದು ಹಿಲ್ಡಾ ಟೀಚರರ ಸಿದ್ಧಾಂತ. ಆಯುಷ್ಯವಿಡೀ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಹೆಂಗಸು ಇಂಥ ಮಾತಾಡುವುದೇ ಎಂದು ಚರ್ಚಿನ ಅಂಗಳದಲ್ಲಿ ಮೂಗು ಮುರಿದವರಿದ್ದರು. ಟೀಚರು ಅದಕ್ಕೆಲ್ಲ ಜಗ್ಗುವವರಲ್ಲ. ಹೊಸ ಭಾಷೆಗೆ ಬಂದವರು ಮೊದಮೊದಲು ಬರೀ ನಿಜವನ್ನೇ ಹೇಳುತ್ತಾರೆ, ಅದು ಒಳ್ಳೆಯತನದಿಂದಲ್ಲ, ಬೇರೆ ಏನನ್ನಾದರೂ ಹೇಳಲು ಪದಗಳಿಲ್ಲದ್ದರಿಂದ ಎಂದು ಅವರ ವಾದ. ‘ಹಸಿವು’, ‘ಜ್ವರ’, ‘ನನ್ನ ಊರು ದೂರ’. ಯಾವತ್ತು ಒಬ್ಬಳು ತಡವಾಗಿ ಎದ್ದು ಬಂದು, ಕಣ್ಣು ಮಿಟುಕಿಸದೆ, ‘ಬಸ್ಸು ಸಿಗಲಿಲ್ಲ ಟೀಚರ್’ ಎನ್ನುತ್ತಾಳೋ ಅವತ್ತು ಅವಳಿಗೆ ಕನ್ನಡ ಬಂತು. ಅಂಥವಳಿಗೆ ಟೀಚರು ಬೈಯುವ ಬದಲು ಒಂದು ಚಾಕಲೇಟು ಕೊಟ್ಟು ಕೂರಿಸುತ್ತಿದ್ದರು.

ಅವರ ಮನೆಮಾತು ಕೊಂಕಣಿ, ಅಂಗಡಿ ಬೀದಿಯ ಮಾತು ತುಳು. ಕನ್ನಡ ಅವರಿಗೂ ಶಾಲೆಗೆ ಹೋಗಿ ಕಲಿತ ಭಾಷೆಯೇ. ಅದಕ್ಕೇ ಇರಬೇಕು, ಕಲಿಯುವವರ ಪಾಡು ಅವರಿಗೆ ಹೇಳದೆಯೇ ತಿಳಿಯುತ್ತಿತ್ತು. ಮಂಗಳೂರು ಬಂದರಿನ ಹಿಂದಿನ ಮೀನಿನ ಕಾರ್ಖಾನೆಯಲ್ಲಿ ಸಿಗಡಿ ಸುಲಿಯಲು, ಬಂಗುಡೆ ಕೊಯ್ಯಲು ಒಡಿಶಾ, ಜಾರ್ಖಂಡ್ ಕಡೆಯ ಹೆಂಗಸರು ಬಂದು ತುಂಬಿಕೊಂಡಾಗ, ಭಾನುವಾರ ಮಧ್ಯಾಹ್ನ ಚರ್ಚಿನ ಹಾಲ್‌ನಲ್ಲಿ ಅವರಿಗೆ ಕನ್ನಡ ಕಲಿಸುತ್ತೇನೆಂದು ಟೀಚರು ತಾವಾಗಿಯೇ ಮುಂದೆ ಬಂದರು. ಪಠ್ಯಪುಸ್ತಕ ತಂದು ನೋಡಿದರೆ ಅದರಲ್ಲಿ ಬರೀ ರಾಜರು, ನರಿಗಳು, ಪ್ರಾಮಾಣಿಕ ಬಾಲಕರು. ಸಿಗಡಿ ಸುಲಿಯುವವಳಿಗೆ ಇವರಿಂದ ಏನಾಗಬೇಕು? ಟೀಚರು ಪುಸ್ತಕ ಮುಚ್ಚಿ ಶಶಿಪ್ರಭಾಳಿಗೆ ಫೋನ್ ಮಾಡಿದರು.

ಶಶಿಪ್ರಭಾ ಅದೇ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದವಳು, ಆಮೇಲೆ ಓದು ಮುಂದುವರಿಸಿ ಇಂಜಿನಿಯರಿಂಗ್ ಕಾಲೇಜಿಗೆ ಹೋದವಳು. ಸ್ಟಾಫ್ ರೂಮಿನಲ್ಲಿ ಇಬ್ಬರದೂ ಪಕ್ಕಪಕ್ಕದ ಕುರ್ಚಿ. ಇವರ ಡಬ್ಬಿಯ ಇಡ್ಲಿಯಂಥ ಸನ್ನ ಅವಳಿಗೆ, ಅವಳ ಡಬ್ಬಿಯ ನೀರುದೋಸೆ ಇವರಿಗೆ. ಟೀಚರರ ಗಂಡ ತೀರಿಕೊಂಡಾಗ ವಾರಗಟ್ಟಲೆ ಜೊತೆಗೆ ಬಂದು ಮಲಗಿದವಳು ಇವಳೊಬ್ಬಳೇ.

ಇಬ್ಬರೂ ಸೇರಿ ಒಂದು ಜಾಲತಾಣ ಕಟ್ಟಿದರು. ಹೆಸರು ‘ಬಿಟ್ಟಸ್ಥಳ’. ನಮ್ಮ ಕಾಲದ ಪ್ರಶ್ನೆಪತ್ರಿಕೆಯಲ್ಲಿ ಬಿಟ್ಟ ಸ್ಥಳ ತುಂಬಿರಿ ಎಂದು ಇರುತ್ತಿತ್ತಲ್ಲ, ಅದೇ. ಟೀಚರು ಒಂದು ಪ್ಯಾರಾ ಬರೆಯುವರು, ಬೇಕಾದ ಪದದ ಮೇಲೆ ಬೆರಳಿಟ್ಟರೆ ಅದು ಮಾಯವಾಗಿ ಖಾಲಿ ಜಾಗವಾಗುವುದು. ವಾಕ್ಯಗಳನ್ನು ಚೆಲ್ಲಾಪಿಲ್ಲಿ ಮಾಡಿ ಕೊಡಬಹುದು, ಕಲಿಯುವವರು ಎಳೆದು ಜೋಡಿಸಬೇಕು. ಕೊನೆಗೆ ‘ಉಳಿಸು’ ಎಂಬ ಗುಂಡಿ. ಒತ್ತಿದರೆ ಪಾಠವೂ ಉಳಿಯಿತು, ಯಾರು ಹೇಗೆ ಬರೆದರೆಂಬುದೂ ಉಳಿಯಿತು. ಹೇಗೆ ಎಂದರೆ ಉತ್ತರ ಮಾತ್ರವಲ್ಲ. ಬೆರಳು ಎಲ್ಲಿ ತಡೆಯಿತು, ಯಾವ ಅಕ್ಷರ ಹೊಡೆದು ಅಳಿಸಿತು, ಯಾವ ಪದದ ಮುಂದೆ ಎಷ್ಟು ಹೊತ್ತು ನಿಂತಿತು, ಎಲ್ಲವೂ.

“ಅಷ್ಟೆಲ್ಲ ಎಂತಕ್ಕೆ ಮಾರಾಯ್ತಿ? ಕ್ಲಾಸು ಮುಗಿದ ಮೇಲೆ ಬೋರ್ಡ್ ಒರೆಸಿದ ಹಾಗೆ ಒರೆಸಿಬಿಡು” ಎಂದಿದ್ದರು ಟೀಚರು.

“ನೀನೇ ಹೇಳ್ತಿದ್ದಿಯಲ್ಲ ಹಿಲ್ಡಾ, ಒಳ್ಳೆ ಟೀಚರ್ ಉತ್ತರ ನೋಡುದಿಲ್ಲ, ಮಕ್ಕಳು ಬರೀತಾ ಇರುವಾಗ ಅವರ ಕೈ ನೋಡ್ತಾಳೆ ಅಂತ. ಇದು ಅದೇ. ನೀನು ಒಬ್ಬಳ ಕೈ ನೋಡ್ತಿ, ಇದು ಎಲ್ಲರ ಕೈ ನೋಡ್ತದೆ.”

ತಮ್ಮದೇ ಮಾತು ತಿರುಗಿ ಬಂದರೆ ಯಾರಿಗೆ ಖುಷಿಯಾಗುವುದಿಲ್ಲ? ಟೀಚರು ಒಪ್ಪಿಬಿಟ್ಟರು.

ಇನ್ನೊಂದು ಒಪ್ಪಿಗೆಯೂ ಆಯಿತು. ಮೊದಲ ದಿನ ತಾಣ ತೆರೆದರೆ ಒಂದು ಉದ್ದನೆಯ ಷರತ್ತಿನ ಪುಟ ಬರುತ್ತಿತ್ತು, ಚೊಕ್ಕ ಕನ್ನಡದಲ್ಲಿ. ಓದಿ ಒಪ್ಪಿದವರು ಮಾತ್ರ ಒಳಗೆ. ಕನ್ನಡ ಕಲಿಯಲು ಬಂದವರು ಕನ್ನಡದ ಷರತ್ತು ಓದುವುದು ಹೇಗೆ? ಹೆಂಗಸರು ಫೋನ್ ಹಿಡಿದು ಟೀಚರರ ಮುಖ ನೋಡಿದರು. ಟೀಚರರಿಗೂ ಆ ಪುಟವನ್ನು ಕೊನೆಯವರೆಗೆ ಓದುವ ತಾಳ್ಮೆ ಇರಲಿಲ್ಲ. ಒಬ್ಬೊಬ್ಬರ ಫೋನನ್ನೂ ಇಸಿದುಕೊಂಡು, ಅವರ ಪರವಾಗಿ ತಾವೇ ‘ಒಪ್ಪಿದ್ದೇನೆ’ ಒತ್ತುತ್ತಾ ಹೋದರು. ಕೈ ಹಿಡಿದು ಅಕ್ಷರ ತಿದ್ದಿಸಿದಷ್ಟೇ ಸಲೀಸಾಗಿ ಅದು ಮುಗಿಯಿತು.

ಎಲ್ಲ ಪಾಠಗಳಲ್ಲೂ ಹೆಸರು ಮಾಡಿದ್ದು ಹದಿನಾಲ್ಕನೆಯದು. ‘ನಾಲ್ಕು ನಿಜ, ಒಂದು ಸುಳ್ಳು’. ನಿಮ್ಮ ಬಗ್ಗೆ ಐದು ವಾಕ್ಯ ಬರೆಯಿರಿ, ಅದರಲ್ಲಿ ಒಂದು ಸುಳ್ಳಿರಲಿ, ಯಾವುದು ಸುಳ್ಳೆಂದು ನೀವೇ ಗುಟ್ಟಾಗಿ ಗುರುತು ಮಾಡಿ ಉಳಿಸಿ, ಉಳಿದವರು ಹುಡುಕಲಿ. ಪ್ರತಿವಾರ ಮೊದಲು ಟೀಚರು ತಾವೇ ಆಡಿ ತೋರಿಸುತ್ತಿದ್ದರು. ಅದುವರೆಗೆ ತಲೆ ತಗ್ಗಿಸಿ ಕೂರುತ್ತಿದ್ದ ಹೆಂಗಸರು ಈ ಆಟದಲ್ಲಿ ಬಿದ್ದು ಬಿದ್ದು ನಗುತ್ತಿದ್ದರು. ಅವರಲ್ಲಿ ಚುರುಕಾದವಳು ಚಾಂದ್‌ಮಣಿ, ಮಯೂರ್‌ಭಂಜ್ ಕಡೆಯ ಸಂತಾಲಿ ಹುಡುಗಿ. ‘ನಾನು ಆನೆ ಓಡಿಸಿದ್ದೇನೆ’ ಎಂದು ಅವಳು ಬರೆದರೆ ಇಡೀ ತರಗತಿ ಅದೇ ಸುಳ್ಳೆಂದು ಕೂಗಿತು. ಅದು ನಿಜವಾಗಿತ್ತು. ‘ನನಗೆ ಕಡಲು ಇಷ್ಟ’ ಎಂದದ್ದು ಸುಳ್ಳಾಗಿತ್ತು. ಕಡಲಿನ ಸದ್ದಿಗೆ ನಿದ್ದೆ ಬರುವುದಿಲ್ಲ ಟೀಚರ್ ಎಂದು ಅವಳು ಆಮೇಲೆ ಹೇಳಿದಳು. ಟೀಚರರಿಗೆ ಆ ಹುಡುಗಿಯ ಮೇಲೆ ಅವತ್ತಿನಿಂದ ಒಂದು ತರಹದ ಮಮತೆ ಬೆಳೆಯಿತು.

ಎರಡು ಮಳೆಗಾಲ ಕಳೆಯಿತು. ಕಾರ್ಖಾನೆಯ ಗೇಟಿನಲ್ಲಿ ಒಂದು ಪರದೆ ಬಂತು. ವಿದೇಶಕ್ಕೆ ಹೋಗುವ ಮೀನು, ಮುಟ್ಟುವವರ ಆರೋಗ್ಯ ನೆಟ್ಟಗಿರಬೇಕಂತೆ. ಬೆಳಿಗ್ಗೆ ಒಳಗೆ ಹೋಗುವ ಮೊದಲು ಪ್ರತಿಯೊಬ್ಬರೂ ಪರದೆಯ ಪ್ರಶ್ನೆಗಳಿಗೆ ಒಂದೊಂದು ವಾಕ್ಯ ಬರೆಯಬೇಕು. ಹೊಟ್ಟೆ ಸರಿ ಇದೆಯೇ, ಕೈಯಲ್ಲಿ ಗಾಯವಿದೆಯೇ, ಮನೆಯಲ್ಲಿ ಯಾರಿಗಾದರೂ ಜ್ವರವೇ. ಹಸಿರು ಬಂದರೆ ಗೇಟು ತೆರೆಯುತ್ತದೆ, ಹಳದಿ ಬಂದರೆ ಪಕ್ಕದ ಕೋಣೆಗೆ ಕರೆಯುತ್ತಾರೆ. ಕನ್ನಡ ಬಲ್ಲವರು ಕನ್ನಡದಲ್ಲೇ ಬರೆಯಬೇಕೆಂದು ಕಾರ್ಖಾನೆ ನಿಯಮ ಮಾಡಿತು. ‘ಹೊರರಾಜ್ಯದ ಕಾರ್ಮಿಕರ ಬಾಯಲ್ಲಿ ನಮ್ಮ ನುಡಿ’ ಎಂದು ಪತ್ರಿಕೆಯಲ್ಲಿ ಸುದ್ದಿಯಾಯಿತು. ಟೀಚರು ಆ ಸುದ್ದಿಯನ್ನು ಫೋಟೋ ಹೊಡೆದು ಕುವೈತಿನಲ್ಲಿದ್ದ ತಂಗಿಯವರೆಗೆ ಕಳಿಸಿದರು.

ಅದರ ಮುಂದಿನ ತಿಂಗಳಿನಿಂದ ಭಾನುವಾರದ ತರಗತಿ ಖಾಲಿಯಾಗುತ್ತಾ ಬಂತು. ಮೊದಲು ಹಿಂದಿನ ಬೆಂಚು, ಆಮೇಲೆ ಮುಂದಿನದು. ಮೀನು ಜಾಸ್ತಿ ಬಂದಿರಬೇಕು, ಓವರ್‌ಟೈಮ್ ಇರಬೇಕು ಎಂದು ಟೀಚರು ಸಮಾಧಾನ ಮಾಡಿಕೊಂಡರು. ಒಂದು ಭಾನುವಾರ ಅವರೊಬ್ಬರೇ ಕೂತು, ಪಾಠ ತೆರೆದು, ಮುಚ್ಚಿ, ಮನೆಗೆ ಬಂದರು.

ಶುಕ್ರವಾರ ಬೆಳಿಗ್ಗೆ ಚಾಂದ್‌ಮಣಿ ಟೀಚರರ ಮನೆಯ ಹಿಂಬಾಗಿಲಿಗೆ ಬಂದಳು. ಅಡುಗೆಮನೆಯ ಸ್ಟೂಲಿನಲ್ಲಿ ಕೂತಳು. ಚಹಾ ಕೊಟ್ಟರೆ ಮುಟ್ಟಲಿಲ್ಲ.

“ಎಂತ ಆಯ್ತು? ಒಬ್ಬರೂ ಕ್ಲಾಸಿಗೆ ಬರುದಿಲ್ಲ. ನಾನು ಬೈದೆನಾ?”

“ಇಲ್ಲ ಟೀಚರ್. ಸಿಟ್ಟು ಮಾಡಬೇಡಿ. ಎಲ್ಲರೂ ಕನ್ನಡ ಮರೆಯಲಿಕ್ಕೆ ನೋಡ್ತಾ ಇದ್ದಾರೆ.”

ಟೀಚರು ಒಲೆ ಆರಿಸಿದರು. “ಮರೆಯುದಾ? ಎಂತಕ್ಕೆ?”

“ಕನ್ನಡದಲ್ಲಿ ಸುಳ್ಳು ಬರೆದರೆ ಗೇಟಿಗೆ ಗೊತ್ತಾಗ್ತದೆ. ಮೊದಲು ಹಿಂದಿಯಲ್ಲಿ ಬರೀತಿದ್ದೆವು, ಗೊತ್ತಾಗ್ತಿರಲಿಲ್ಲ. ಬಸಂತಿಗೆ ಹೊಟ್ಟೆ ಸರಿ ಇರಲಿಲ್ಲ, ಸರಿ ಉಂಟು ಅಂತ ಕನ್ನಡದಲ್ಲಿ ಬರೆದಳು, ಹಳದಿ ಬಂತು, ಮನೆಗೆ ಕಳಿಸಿದರು. ಬೇರೆ ಕಡೆ ಕನ್ನಡ ಕಲಿತವರಿಗೆ ಏನೂ ಆಗುವುದಿಲ್ಲ ಟೀಚರ್. ಗದಗದಿಂದ ಬಂದವರು ಇದ್ದಾರೆ, ಬೇಕಾದಷ್ಟು ಸುಳ್ಳು ಬರೀತಾರೆ. ಹಸಿರೇ. ನಿಮ್ಮ ಹತ್ತಿರ ಕಲಿತವರು ಮಾತ್ರ ಸಿಕ್ಕಿಬೀಳುವುದು.”

ಅವಳು ಇದನ್ನು ದೂರಿನ ಹಾಗೆ ಹೇಳಲಿಲ್ಲ. ಹೇಗಿದೆಯೋ ಹಾಗೆ ಹೇಳಿದಳು. ಹದಿನಾಲ್ಕನೆಯ ಪಾಠ ಟೀಚರರ ಕಣ್ಣಮುಂದೆ ಬಂದು ನಿಂತಿತು.

“ನನಗೆ ಒಂದು ಸುಳ್ಳು ಬರೆಯಲಿಕ್ಕುಂಟು ಟೀಚರ್” ಎಂದಳು ಚಾಂದ್‌ಮಣಿ.

ಅವಳ ತಂಗಿ ಸುಮಿಯನ್ನು ಅದೇ ಕಾರ್ಖಾನೆಯ ಸೊರೆನ್ ಮೇಸ್ತ್ರಿಗೆ ಮದುವೆ ಮಾಡಿ ಕೊಟ್ಟಿತ್ತು. ಅವನು ಕುಡಿಯದಿದ್ದರೂ ಹೊಡೆಯುವವನು. ಕಳೆದ ತಿಂಗಳು ಸುಮಿಯ ಮುಂಗೈ ಮುರಿದಿದ್ದ. ಅವಳು ಅಲ್ಲಿಂದ ಓಡಿದಳು. ರೈಲು ಹತ್ತಿ ಊರಿಗೆ ಹೋದಳೆಂದು ಎಲ್ಲರಿಗೂ ಹೇಳಿಯಾಗಿತ್ತು. ಹೋಗಿರಲಿಲ್ಲ. ಕೈಗೆ ಪ್ಲಾಸ್ಟರ್ ಹಾಕಿಕೊಂಡು ಅಕ್ಕನ ಕೋಣೆಯಲ್ಲೇ ಇದ್ದಳು, ಕಿಟಕಿಯನ್ನೂ ತೆರೆಯದೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ಇಬ್ಬರೂ ಎಲ್ಲಿಗಾದರೂ ಹೋಗುವುದೆಂದು ಮಾತಾಗಿತ್ತು. ಮೇಸ್ತ್ರಿಗೆ ಗುಮಾನಿ. ಅವನೇ ಆಫೀಸಿಗೆ ಹೇಳಿ ಗೇಟಿನಲ್ಲಿ ಹೊಸ ಪ್ರಶ್ನೆ ಸೇರಿಸಿದ್ದ. ಕೋಣೆಗಳಲ್ಲಿ ಜನ ಹೆಚ್ಚಾದರೆ ರೋಗ ಹರಡುತ್ತದೆ ಎಂಬ ನೆಪ. ಸೋಮವಾರದಿಂದ ಎಲ್ಲರೂ ಬರೆಯಬೇಕು: ನಿಮ್ಮ ಕೋಣೆಯಲ್ಲಿ ಯಾರೆಲ್ಲ ಇದ್ದಾರೆ?

“ರಜೆ ಹಾಕು” ಎಂದರು ಟೀಚರು.

“ರಜೆ ಹಾಕಿದರೆ ಅವನು ಕೋಣೆಗೇ ಬರ್ತಾನೆ.” ಚಾಂದ್‌ಮಣಿ ತಲೆ ಎತ್ತಿದಳು. “ಟೀಚರ್, ಅದು ನಿಮ್ಮ ಪಾಠ ಅಲ್ವಾ? ಸೋಮವಾರಕ್ಕೆ ಮೊದಲು ಅಳಿಸಿಬಿಡಿ. ತಂಗಿಯ ವಿಷಯ ಯಾರಿಗೂ ಗೊತ್ತಿಲ್ಲ. ನಿಮಗೆ ಮಾತ್ರ ಹೇಳಿದ್ದು.”

ಟೀಚರು ಅವಳ ಕೈ ಹಿಡಿದುಕೊಂಡು, ನಾನಿದ್ದೇನೆ ಎಂದರು.

ಶಶಿಪ್ರಭಾಳ ಪ್ರಯೋಗಾಲಯ ಈಗ ಕಾಲೇಜಿನ ಹಳೆಯ ಕಟ್ಟಡದಲ್ಲಿರಲಿಲ್ಲ. ಹೊಸ ಕಟ್ಟಡದ ಮೇಲಿನ ಮಹಡಿಯಲ್ಲಿ ಗಾಜಿನ ಗೋಡೆಯ ಕೋಣೆ, ಚಪ್ಪಲಿ ಹೊರಗೆ ಬಿಡಬೇಕು. ಶನಿವಾರ ಟೀಚರು ಒಳಗೆ ಹೋದಾಗ ಗೋಡೆಯ ತುಂಬ ಪರದೆಗಳು. ಕಾರವಾರದಿಂದ ಈಚೆ ಕರಾವಳಿಯ ಎಷ್ಟೋ ಗೇಟುಗಳು, ಮೀನಿನವು, ಗೇರುಬೀಜದವು. ಯಾರೋ ಎಲ್ಲೋ ಬರೆಯುತ್ತಿದ್ದ ವಾಕ್ಯಗಳು ಒಂದರ ಕೆಳಗೊಂದು ಮೂಡುತ್ತಿದ್ದವು. ಪ್ರತಿ ವಾಕ್ಯದ ಕೆಳಗೆ ಏರಿಳಿಯುವ ಸಣ್ಣ ಗೆರೆ, ಕೊನೆಯಲ್ಲಿ ಹಸಿರು ಇಲ್ಲವೇ ಹಳದಿ. ಹುಡುಗರಿಬ್ಬರು ಹೆಡ್‌ಫೋನ್ ಹಾಕಿಕೊಂಡು ನೋಡುತ್ತಿದ್ದರು. ಶಶಿಪ್ರಭಾ ಅವರನ್ನು ಊಟಕ್ಕೆ ಕಳಿಸಿದಳು.

“ನನ್ನ ಹದಿನಾಲ್ಕನೇ ಪಾಠ ಇದರಲ್ಲಿ ಉಂಟಾ?” ಟೀಚರು ನಿಂತೇ ಕೇಳಿದರು.

ಶಶಿಪ್ರಭಾ ಇಲ್ಲವೆನ್ನಲಿಲ್ಲ. “ಕೂತ್ಕೊ. ಹೇಳ್ತೇನೆ.”

ಅವಳು ಹೇಳಿದ್ದು ಇಷ್ಟು. ತಾಯ್ನುಡಿಯಲ್ಲಿ ಸುಳ್ಳು ಹೇಳುವವರನ್ನು ಹಿಡಿಯುವುದು ಕಷ್ಟ, ಅಲ್ಲಿ ಸುಳ್ಳಿಗೂ ನಿಜಕ್ಕೂ ನಾಲಿಗೆ ಒಂದೇ ವೇಗದಲ್ಲಿ ಓಡುತ್ತದೆ. ಕಲಿತ ಭಾಷೆ ಹಾಗಲ್ಲ. ಅಲ್ಲಿ ಪದ ಹುಡುಕುವ ಕೆಲಸವೂ ಬಚ್ಚಿಡುವ ಕೆಲಸವೂ ಒಟ್ಟಿಗೆ ಬೀಳುತ್ತವೆ. ಎಲ್ಲರೂ ತಿಳಿದಿರುವುದು ಸುಳ್ಳಿಗೆ ಮೊದಲು ಬೆರಳು ತಡೆಯುತ್ತದೆ ಎಂದು. ತಪ್ಪು. ಸುಳ್ಳಿನ ಪದ ಬರೆದಾದ ಮೇಲೆ ಬೆರಳು ರವಷ್ಟು ಹೆಚ್ಚು ಹೊತ್ತು ನಿಲ್ಲುತ್ತದೆ. ಬರೆದದ್ದನ್ನು ಬೇರೆಯವರ ಕಣ್ಣಿನಿಂದ ಒಮ್ಮೆ ಓದಿ ನೋಡಲು. ಆ ನಿಲುಗಡೆ ಒಬ್ಬೊಬ್ಬರದು ಒಂದೊಂದು ರೀತಿ. ಅದನ್ನು ಯಂತ್ರ ಕಲಿಯಬೇಕಾದರೆ ಒಬ್ಬಳೇ ಹೆಂಗಸು ಬರೆದ ನಿಜಗಳೂ ಬೇಕು, ಸುಳ್ಳುಗಳೂ ಬೇಕು, ಯಾವುದು ಯಾವುದೆಂದು ಅವಳೇ ಗುರುತು ಮಾಡಿರಬೇಕು.

“ಪ್ರಪಂಚದಲ್ಲಿ ಯಾರ ಹತ್ರವೂ ಅದು ಇರ್ಲಿಲ್ಲ ಹಿಲ್ಡಾ. ಸುಳ್ಳು ಹೇಳುವವರು ಗುರುತು ಹಾಕಿ ಕೊಡ್ತಾರಾ? ನಮ್ಮ ಹತ್ರ ಮಾತ್ರ ಇತ್ತು. ಒಂದೊಂದು ಹುಡುಗಿಯದ್ದು ವಾರ ವಾರದ್ದು.”

“ನಮ್ಮ ಹತ್ರ ಅಲ್ಲ. ನನ್ನ ಹತ್ರ. ಅವರು ನನ್ನನ್ನು ನಂಬಿ ಬರೆದದ್ದು.”

“ತಾಣ ನಡೆಸ್ಲಿಕ್ಕೆ ದುಡ್ಡು ಎಲ್ಲಿಂದ ಬರ್ತದೆ ಅಂತ ನೀನು ಒಂದು ದಿನ ಕೇಳಿದ್ದಿಯಾ? ಯಾರೋ ಹಾಳು ಮೀನು ತಿಂದು ಸತ್ರೆ ಆಗ ನೀನೇ ಹೇಳ್ತಿದ್ದೆ, ಗೇಟಲ್ಲಿ ಯಾಕೆ ನೋಡ್ಲಿಲ್ಲ ಅಂತ. ಮತ್ತೆ, ಕದ್ದದ್ದಲ್ಲ ಇದು. ಒಪ್ಪಿಗೆ ಉಂಟು. ಎಲ್ಲರದ್ದೂ.”

“ಯಾರು ಒಪ್ಪಿದ್ದು?”

ಶಶಿಪ್ರಭಾ ಅವರ ಮುಖ ನೋಡಿದಳು. ಒಂದೊಂದೇ ಫೋನು ಇಸಿದುಕೊಂಡು ಒತ್ತುತ್ತಾ ಹೋದ ಆ ಮೊದಲ ಭಾನುವಾರ ಟೀಚರರಿಗೆ ಆಗ ನೆನಪಾಯಿತು. ಇಷ್ಟು ವರ್ಷ ಒಂದೇ ಡಬ್ಬಿಯಲ್ಲಿ ಉಂಡವಳು ತನ್ನ ಬೆನ್ನಿಗೆ ಚೂರಿ ಹಾಕಿದ್ದಾಳೆ, ಹಿಡಿಕೆಯನ್ನು ತನ್ನ ಕೈಯಲ್ಲೇ ಹಿಡಿಸಿದ್ದಾಳೆ ಎಂದು ಅವರಿಗೆ ಅನ್ನಿಸಿತು. ಅತ್ತುಬಿಡಬೇಕೆನ್ನಿಸಿತು. ಅಳಲಿಲ್ಲ.

“ಅಳಿಸು” ಎಂದರು.

ಶಶಿಪ್ರಭಾ ಅವರ ಎದುರೇ ಪಾಠ ತೆರೆದು, ಒಂದು ಗುಂಡಿ ಒತ್ತಿದಳು. ಹದಿಮೂರರ ಕೆಳಗೆ ಹದಿನೈದು ಬಂದು ಕೂತಿತು. “ಅಳಿಸಿದೆ. ಆದ್ರೆ ಯಂತ್ರ ಕಲಿತದ್ದು ಹೋಗುದಿಲ್ಲ. ನೀನು ಪುಸ್ತಕ ಸುಟ್ಟರೆ ಆ ಹೆಂಗಸರು ಕಲಿತ ಕನ್ನಡ ಹೋಗ್ತದಾ?”

ಪರದೆಯ ಮೇಲೆ ಯಾರದೋ ವಾಕ್ಯ ಹಳದಿಯಾಯಿತು. ‘ನನ್ನ ಮಗುವಿಗೆ ಜ್ವರ ಇಲ್ಲ.’

ಟೀಚರು ಉದಾಹರಣೆ ಕೊಡದೆ ಯಾವ ಪಾಠವನ್ನೂ ಮುಗಿಸಿದವರಲ್ಲ. ದಡ್ಡ ವಿದ್ಯಾರ್ಥಿಯ ತಲೆಗೂ ವಿಷಯ ಹೋಗಬೇಕಾದರೆ ಒಂದು ಉದಾಹರಣೆ ಸಾಕು ಎಂಬುದು ಅವರ ರೂಢಿ. ಆ ರೂಢಿಯೇ ಅವತ್ತು ಅವರ ಬಾಯಿ ತೆರೆಸಿತು. ಈ ಯಂತ್ರ ಏನು ಮಾಡುತ್ತದೆಂದು ಇವಳಿಗೆ ಗೊತ್ತಾಗಲಿ ಎಂದು ಅವರು ಚಾಂದ್‌ಮಣಿಯ ಹೆಸರು ಹೇಳಿದರು, ಸುಮಿಯ ಮುರಿದ ಕೈ ಹೇಳಿದರು, ಸೊರೆನ್ ಮೇಸ್ತ್ರಿ ಹೇಳಿದರು, ಮುಚ್ಚಿದ ಕಿಟಕಿಯ ಕೋಣೆಯನ್ನೂ ಹೇಳಿದರು. ಶಶಿಪ್ರಭಾಳ ಕಣ್ಣಲ್ಲಿ ನೀರು ಬಂತು. ಅದು ನಿಜವಾದ ನೀರೇ.

“ದೇವರೇ. ನನಗೆ ಇದೆಲ್ಲ ಗೊತ್ತಿರ್ಲಿಲ್ಲ ಹಿಲ್ಡಾ. ಆಯ್ತು, ಅವಳ ವಿಷಯ ನಾನು ನೋಡ್ಕೊಳ್ತೇನೆ. ನೀನು ತಲೆಬಿಸಿ ಮಾಡ್ಬೇಡ.”

“ಯಾರಿಗೂ ಹೇಳ್ಬಾರ್ದು.”

“ಹೇಳ್ತೇನಾ?”

ಟೀಚರು ಚಪ್ಪಲಿ ಮೆಟ್ಟಿಕೊಂಡು ಇಳಿದರು. ಲಿಫ್ಟಿನಲ್ಲಿ ಅವರಿಗೆ ಸಿಟ್ಟು ಸ್ವಲ್ಪ ಇಳಿದಿತ್ತು. ಏನೇ ಆದರೂ ಶಶಿ ಶಶಿಯೇ ಎಂದುಕೊಂಡರು.

ಭಾನುವಾರ ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿ ನೇರ ಬಂದರಿನ ಹಿಂದಿನ ಓಣಿಗೆ ಹೋದರು. ಸಾಲು ಕೋಣೆಗಳ ಕೊನೆಯದು ಚಾಂದ್‌ಮಣಿಯದು. ಬಾಗಿಲು ಅಂಗೈಯಗಲ ತೆರೆಯಿತು, ಆಮೇಲೆ ಪೂರ್ತಿ. ಒಳಗೆ ಕತ್ತಲು, ಒಣಮೀನಿನ ವಾಸನೆ. ಚಾಪೆಯ ಮೇಲೆ ಕೂತಿದ್ದ ಸುಮಿ ಗೋಡೆಗೆ ಒತ್ತಿಕೊಂಡಳು. ಇನ್ನೂ ಚಿಕ್ಕ ವಯಸ್ಸು. ಪ್ಲಾಸ್ಟರಿನ ಮೇಲೆ ಪೆನ್ನಿನಲ್ಲಿ ಹೂವಿನ ಚಿತ್ರ ಬರೆದುಕೊಂಡಿದ್ದಳು.

“ಪಾಠ ಅಳಿಸಿ ಆಯ್ತು” ಎಂದರು ಟೀಚರು. “ಆದರೆ ಅದರಿಂದ ಪ್ರಯೋಜನ ಇಲ್ಲಂತೆ. ಗಾಬರಿ ಆಗ್ಬೇಡ. ನಾನು ಶಶಿಪ್ರಭಾ ಮೇಡಂಗೆ ಎಲ್ಲ ವಿವರ ಹೇಳಿದ್ದೇನೆ. ಅವಳು ನೋಡ್ಕೊಳ್ತಾಳೆ.”

“ಯಾರು ಟೀಚರ್, ಶಶಿಪ್ರಭಾ ಮೇಡಂ?”

“ಆ ಯಂತ್ರ ಮಾಡಿದ್ದೇ ಅವಳು. ನನ್ನ ಖಾಸ ಗೆಳತಿ. ಕಣ್ಣೀರು ಹಾಕಿದಳು ಪಾಪ.”

ಚಾಂದ್‌ಮಣಿ ತಂಗಿಯ ಕಡೆ ನೋಡಲಿಲ್ಲ. ಟೀಚರರನ್ನೇ ನೋಡಿದಳು.

“ಆದರೂ ಇಲ್ಲಿ ಇರುದು ಬೇಡ” ಎಂದು ಟೀಚರು ಮುಂದುವರಿಸಿದರು. “ನನ್ನ ಮನೆಯಲ್ಲಿ ಒಂದು ರೂಮು ಖಾಲಿ ಉಂಟು. ಸುಮಿ ಅಲ್ಲೇ ಇರ್ಲಿ. ಆಗ ನೀನು ಗೇಟಿನಲ್ಲಿ ಒಬ್ಬಳೇ ಇದ್ದೇನೆ ಅಂತ ಬರೆದ್ರೆ ಅದು ನಿಜವೇ ಆಗ್ತದೆ. ಹಸಿರು ಬರ್ತದೆ.”

“ಒಳ್ಳೆಯದಾಯಿತು ಟೀಚರ್” ಎಂದಳು ಚಾಂದ್‌ಮಣಿ. “ಹಗಲಲ್ಲಿ ಹೊರಟರೆ ಎಲ್ಲರೂ ನೋಡ್ತಾರೆ. ಸಂಜೆ ಕೆಲಸದವರೆಲ್ಲ ಸಂತೆಗೆ ಹೋದ ಮೇಲೆ ತಂಗಿಯನ್ನು ಕರೆದುಕೊಂಡು ನಿಮ್ಮ ಮನೆಗೆ ಬರ್ತೇನೆ. ಅವಳಿಗೆ ಕೋಳಿ ಅಂದರೆ ತುಂಬ ಇಷ್ಟ. ನೀವು ಮಾಡಿದ್ದನ್ನು ತಿನ್ನಬೇಕು ಅಂತ ಯಾವಾಗಲೂ ಹೇಳ್ತಾ ಇರ್ತಾಳೆ.”

ಎಲ್ಲೂ ತಡವರಿಸದೆ, ಪದಕ್ಕಾಗಿ ಕಣ್ಣು ಮೇಲೆ ಮಾಡದೆ, ಒಂದೇ ಹರಿವಿನಲ್ಲಿ ಹೇಳಿ ಮುಗಿಸಿದಳು. ‘ಸಂತೆಗೆ ಹೋದ ಮೇಲೆ’, ‘ತಿನ್ನಬೇಕು ಅಂತ’. ಈ ಹುಡುಗಿಯ ಕನ್ನಡ ಎಷ್ಟು ಚೆಂದವಾಯಿತು ಎಂದು ಆ ಕತ್ತಲ ಕೋಣೆ ದಾಟಿ ಹೊರಗೆ ಬರುವಾಗಲೂ ಟೀಚರರಿಗೆ ಹೆಮ್ಮೆಯಾಯಿತು.

ಮಧ್ಯಾಹ್ನವಿಡೀ ಅವರು ಕೂರಲಿಲ್ಲ. ಖಾಲಿ ರೂಮು ಗುಡಿಸಿ, ಒರೆಸಿ, ಗಂಡನ ಹಳೆಯ ಕಪಾಟಿನಲ್ಲಿ ಅರ್ಧ ತೆರವು ಮಾಡಿದರು. ಕಿಟಕಿಗೆ ಪರದೆ ಹಾಕಿದರು, ಹೊರಗಿನವರಿಗೆ ಕಾಣಬಾರದು, ಆದರೆ ಗಾಳಿ ಬರಬೇಕು. ಕೋಳಿ ತಂದು ಸಾರು ಮಾಡಿದರು. ಸನ್ನಕ್ಕೆ ಹಿಟ್ಟು ಉಬ್ಬಿಲ್ಲವೆಂದು ತಲೆ ಚಚ್ಚಿಕೊಂಡು ಗರಿಗರಿಯಾದ ಕೋರಿರೊಟ್ಟಿ ತರಿಸಿದರು. ಒಂದು ಕೈಯಲ್ಲಿ ತಿನ್ನುವವಳಿಗೆ ರೊಟ್ಟಿ ನೆನೆದು ಮುರಿಯುವುದು ಸುಲಭವಾಗಲಿ ಎಂದು ಸಾರು ಸ್ವಲ್ಪ ಜಾಸ್ತಿ ಮಾಡಿದರು. ಬಹಳ ದಿನಗಳ ಮೇಲೆ ಅವರ ಮನೆಯಲ್ಲಿ ಮೂರು ತಟ್ಟೆ ಮೇಜಿಗೆ ಬಂದವು.

ದೀಪ ಹಚ್ಚುವ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಟೀಚರು ಓಡಿಹೋಗಿ ತೆರೆದರು.

ನಿಂತಿದ್ದವನು ಗಂಡಸು. ಅಚ್ಚುಕಟ್ಟಾಗಿ ಇಸ್ತ್ರಿ ಹಾಕಿದ ಅಂಗಿ, ಕೊರಳಲ್ಲಿ ಕಾರ್ಖಾನೆಯ ಗುರುತಿನ ಚೀಟಿ. ಚೀಟಿಯಲ್ಲಿ ಸೊರೆನ್ ಎಂದಿತ್ತು.

“ನಮಸ್ಕಾರ ಟೀಚರ್. ಚಾಂದ್‌ಮಣಿ ಇಲ್ಲಿಗೆ ಬಂದಿದ್ದಾಳಾ?”

ಟೀಚರು ಬಾಗಿಲಿಗೆ ಅಡ್ಡ ನಿಂತರು. “ಇಲ್ಲ. ಯಾಕೆ?”

“ಕೋಣೆ ಖಾಲಿ ಮಾಡಿ ಹೋಗಿದ್ದಾಳೆ. ಮಧ್ಯಾಹ್ನದ ಒಳಗೇ. ಇಬ್ಬರು ಹೆಂಗಸರು ಗಂಟು ಹಿಡ್ಕೊಂಡು ಹೋದ್ರು, ಒಬ್ಬಳ ಕೈಗೆ ಪ್ಲಾಸ್ಟರ್ ಇತ್ತು ಅಂತ ಪಕ್ಕದವರು ಹೇಳಿದ್ರು.” ಅವನ ಕನ್ನಡ ಬಂದರಿನಲ್ಲಿ ಬೆಳೆದ ಕನ್ನಡ. “ನನ್ನ ಹೆಂಡತಿ ಅಲ್ಲೇ ಇದ್ದಾಳೆ ಅಂತ ನನಗೆ ಇವತ್ತು ಬೆಳಿಗ್ಗೆಯೇ ಗೊತ್ತಾದದ್ದು. ಕಂಪ್ಯೂಟರ್ ಮೇಡಂ ನಮ್ಮ ಮ್ಯಾನೇಜರಿಗೆ ಫೋನ್ ಮಾಡಿದ್ರಂತೆ. ಚಾಂದ್‌ಮಣಿ ಹತ್ರ ಮಾತ್ರ ಕೋಣೆಯ ಪ್ರಶ್ನೆ ಕೇಳ್ಬೇಡಿ, ಪಾಪ ಅವಳಿಗೆ ತೊಂದರೆ ಉಂಟು ಅಂತ. ಒಬ್ಬಳ ಹತ್ರ ಮಾತ್ರ ಕೇಳ್ಬೇಡಿ ಅಂದ್ರೆ ನಮಗೆ ಅರ್ಥ ಆಗುದಿಲ್ವಾ ಟೀಚರ್? ನಾನು ಶಿಫ್ಟ್ ಬಿಟ್ಟು ಹೋಗುವಷ್ಟರಲ್ಲಿ ಬೀಗ.”

ಟೀಚರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಶಶಿ ಒಳ್ಳೆಯದನ್ನೇ ಮಾಡಲು ಹೋಗಿದ್ದಳು. ಟೀಚರೂ ಒಳ್ಳೆಯದನ್ನೇ ಮಾಡಲು ಹೋಗಿದ್ದರು. ಇವರಿಬ್ಬರ ಒಳ್ಳೆಯತನ ಸೇರಿ ಆ ಹುಡುಗಿಯರನ್ನು ಈ ಗಂಡಸಿನ ಕೈಗೆ ಕೊಡುವುದರಲ್ಲಿತ್ತು. ಕೊಡಲಿಲ್ಲ, ಯಾಕೆಂದರೆ ಚಾಂದ್‌ಮಣಿ ಕಾದು ಕೂರಲಿಲ್ಲ. ಬೆಳಿಗ್ಗೆ ಆ ಕೋಣೆಯಲ್ಲಿ ನಿಂತು, ಯಂತ್ರ ಮಾಡಿದವಳಿಗೇ ಗುಟ್ಟು ಒಪ್ಪಿಸಿ ಬಂದಿದ್ದೇನೆಂದು ಟೀಚರು ಹೆಮ್ಮೆಯಿಂದ ಹೇಳಿದ ಆ ಗಳಿಗೆಯಲ್ಲೇ ಅವಳು ನಿರ್ಧರಿಸಿಯಾಗಿತ್ತು. ಸಂಜೆ ಬರುತ್ತೇನೆಂದದ್ದು, ಕೋಳಿ ಇಷ್ಟವೆಂದದ್ದು, ನೀವು ಮಾಡಿದ್ದನ್ನು ತಿನ್ನಬೇಕೆಂದು ಯಾವಾಗಲೂ ಹೇಳುತ್ತಿರುತ್ತಾಳೆಂದದ್ದು. ಆ ಕೊನೆಯ ಪದದ ಮೇಲೂ ಅವಳು ನಿಲ್ಲಲಿಲ್ಲ. ಅಷ್ಟು ನಿರಾಯಾಸವಾದ ಕನ್ನಡವನ್ನು ಅವಳು ಟೀಚರರ ಎದುರು ಅದುವರೆಗೆ ಆಡಿರಲೇ ಇಲ್ಲ. ಜೀವಮಾನವೆಲ್ಲ ಮಕ್ಕಳ ಕೈ ನೋಡಿದವರು ಎದುರಿಗಿದ್ದ ಮುಖ ಓದದೆ, ಶಹಬ್ಬಾಸ್ ಎಂದುಕೊಂಡು ಕೋಳಿ ತರಲು ಹೋಗಿದ್ದರು. ನನ್ನನ್ನೂ ಅವನ ಸಾಲಿಗೇ ಸೇರಿಸಿಬಿಟ್ಟೆಯಾ ಮಗಳೇ, ಎಂದು ಅವರಿಗೆ ಕೇಳಬೇಕೆನ್ನಿಸಿತು. ಸೇರಿಸಿದ್ದರಲ್ಲಿ ತಪ್ಪೇನೆಂದು ತಿಳಿಯಲಿಲ್ಲ.

“ಎಲ್ಲಿಗೆ ಹೋಗಿದ್ದಾರೆ ಅಂತ ನಿಮಗೆ ಗೊತ್ತಿರ್ತದೆ” ಎಂದ ಸೊರೆನ್. “ನಿಮ್ಮ ಹತ್ರ ಅವಳು ಎಲ್ಲ ಹೇಳ್ತಾಳೆ.”

“ಗೊತ್ತಿಲ್ಲ.”

“ಬಾಯಲ್ಲಿ ಬೇಡ ಟೀಚರ್.” ಅವನು ಜೇಬಿನಿಂದ ಫೋನ್ ತೆಗೆದು, ಗೇಟಿನ ಪರದೆಯನ್ನೇ ಹೋಲುವ ಒಂದು ಪುಟ ತೆರೆದು ಮುಂದೆ ಹಿಡಿದ. ಮೇಲೆ ಟೀಚರರ ಹೆಸರು ಆಗಲೇ ಬಂದಿತ್ತು. ಪ್ರತಿವಾರ ಮೊದಲು ತಾವೇ ಆಡಿ ತೋರಿಸಿದ್ದರಲ್ಲ, ಅವರ ನಿಜಗಳೂ ಸುಳ್ಳುಗಳೂ ಯಂತ್ರದ ಬಳಿ ಧಾರಾಳವಾಗಿದ್ದವು. “ಇದರಲ್ಲಿ ಬರೀರಿ. ಮತ್ತೆ ನಾನು ಹೋಗ್ತೇನೆ. ನಿಮಗೆ ತೊಂದರೆ ಕೊಡುದಿಲ್ಲ.”

ಟೀಚರು ಫೋನ್ ತೆಗೆದುಕೊಂಡರು. ಅವರಿಗೆ ಭಯವಿರಲಿಲ್ಲ. ಇವನನ್ನು ಕೇರಳದ ಕಡೆ ಅಟ್ಟಿಬಿಡಲೇ ಎಂದು ಯೋಚಿಸಿದರು. ಹಳದಿ ಬಂದರೆ, ಹಾಗಾದರೆ ಉತ್ತರದ ಕಡೆ ಎಂದು ಇವನು ಓಡುತ್ತಾನೆ. ಆ ಹುಡುಗಿಯರು ನಿಜವಾಗಿ ಹೋಗಿದ್ದು ಆ ಕಡೆಯೇ ಆಗಿದ್ದರೆ? ಯಾವ ಸುಳ್ಳು ಅವರನ್ನು ಕಾಯುತ್ತದೆ, ಯಾವುದು ಹಿಡಿದುಕೊಡುತ್ತದೆ ಎಂದು ಆರಿಸಲು ಮೊದಲು ನಿಜ ಗೊತ್ತಿರಬೇಕು. ಟೀಚರರಿಗೆ ಗೊತ್ತಿರಲಿಲ್ಲ.

‘ಚಾಂದ್‌ಮಣಿ ಎಲ್ಲಿಗೆ ಹೋಗಿದ್ದಾಳೆಂದು ನನಗೆ ಗೊತ್ತಿಲ್ಲ’ ಎಂದು ಬರೆದರು. ಬೆರಳು ಎಲ್ಲೂ ನಿಲ್ಲಲಿಲ್ಲ.

ಹಸಿರು ಬಂತು.

ಸೊರೆನ್ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. “ನೀವು ಸುಳ್ಳು ಹೇಳುವವರಲ್ಲ ಬಿಡಿ” ಎಂದು, ಫೋನನ್ನು ಜೇಬಿಗಿಟ್ಟು, ಕೈಮುಗಿದು ಮೆಟ್ಟಿಲಿಳಿದು ಹೋದ.

ಟೀಚರು ಬಾಗಿಲು ಹಾಕಿಕೊಂಡು ಮೇಜಿನ ಬಳಿ ಬಂದು ಕೂತರು. ಸಾರು ಆರಿತ್ತು. ಆ ಹುಡುಗಿಯರಿಗಾಗಿ ಎಂಥ ಸುಳ್ಳನ್ನಾದರೂ ಹೇಳಲು ಅವರು ಸಿದ್ಧರಿದ್ದರು. ಹೇಳಲು ಒಂದೇ ಒಂದು ಸುಳ್ಳನ್ನೂ ಚಾಂದ್‌ಮಣಿ ಅವರಿಗೆ ಬಿಟ್ಟು ಹೋಗಿರಲಿಲ್ಲ.